ಹೆಸರು ಹೇಳಿದ ಮ್ಯಾಲೆ ಉಳಿದ ಜಾಗ

ಮೊನ್ನೆ ನನ್ನ ಸೊಸಿ ಸುಧಾ ಟ್ರಂಕಿನ್ಯಾಗಿನ ಹಳೇ ಕೌದಿ ತಗದು ಅಂಗಳದಾಗ ಬಿಸಲಿಗೆ ಹಾಕಿದಳು. ಸಂಜೀಕ ಮಡಚಿ ತಂದು ನನ್ನ ಮಂಚದ ಮ್ಯಾಲೆ ಇಟ್ಟಳು. ಹಳೇ ಅರವಿ, ಬೇವಿನ ತಪ್ಪಲ, ದಿನಾ ಪೂರ್ತಿ ಕುಡದ ಬಿಸಲು, ಮೂರೂ ಕೂಡಿದ ಆ ವಾಸನಿ ಮೂಗಿಗೆ ಬಡೀತು ನೋಡ್ರಿ, ಎಪ್ಪತ್ತರ ಹತ್ತಿರ ಬಂದ ಮುದುಕ ನಾನು, ಮಾರಿ ಮುಚ್ಚಿಕೊಂಡು ಕೂತೆ. ಆಕಿ ಪಾಪ, ಧೂಳಿಗೆ ಹಂಗಾತು ಅಂತ ತಿಳಕೊಂಡು ನೀರು ತಂದು ಕೊಟ್ಟಳು. ಇಷ್ಟು ಛಲೋ ಕೌದಿ, ಥಂಡಿ ಬ್ಯಾರೆ ಬಿದ್ದದ, ಯಾಕ ಹೊಚ್ಚಿಕೊಳ್ಳೂದಿಲ್ಲ ಮಾವಾ ಅಂತ ಕೇಳಿದಳು. ಸೆಕಿ ಆಗತದ ಅಂದೆ. ಪುಷ್ಯ ಮಾಸದಾಗ, ಧಾರವಾಡದಾಗ, ಸೆಕಿ ಆಗತದ ಅಂದ್ರ ಯಾರು ನಂಬತಾರ? ಆಕಿನೂ ನಂಬಲಿಲ್ಲ.

ಅದ ಟ್ರಂಕಿನ ತಳದಾಗ, ಧೋತರದಾಗ ಸುತ್ತಿಟ್ಟ ಒಂದು ಗ್ರಾಮೋಫೋನ್ ಪ್ಲೇಟು ಅದ. ನನ್ನ ಮೊದಲನೇ ಪ್ಲೇಟು. ಕಡೀದೂ ಅದ. ಹಳೇ ಹಾಡಿನ ಹುಚ್ಚು ಇದ್ದವರು ಇನ್ನೂ ಯಾರರ ಬರತಾರ, ಕೇಳಸ್ರಿ ಅಂತಾರ. ಕೇಳಸತೀನಿ. ಆದ್ರ ಹಾಡು ಮುಗಿಯೂ ಹೊತ್ತಿಗೆ ಎದ್ದು ಮುಳ್ಳು ಎತ್ತಿಬಿಡತೀನಿ. ಕಡೀಗೆ ಪ್ಲೇಟು ಸವದದ ಅಂತ ಹೇಳತೀನಿ. ಸುಳ್ಳು. ಕಡೀಗೆ ಒಂದು ಗೀರೂ ಇಲ್ಲ.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಆಗ ಪ್ಲೇಟಿನ ಕಡೀಗೆ ಹಾಡಿದವರು ತಮ್ಮ ಹೆಸರು ತಾವ ಹೇಳತಿದ್ರು. ಎಲ್ಲೋ ದೂರದ ಕಾರಖಾನಿಯೊಳಗ ಪ್ಲೇಟು ಒತ್ತವರಿಗೆ ಇದು ಯಾರ ಹಾಡು ಅಂತ ತಿಳೀಬೇಕಲ್ಲ, ಅದಕ್ಕ ಶುರು ಆಗಿದ್ದಂತ. ಆಮ್ಯಾಲೆ ಅದೊಂದು ಪದ್ಧತಿನ ಆತು. ಜನಾ ಹಾಡಿಗೆ ಎಷ್ಟು ಕಾಯತಿದ್ರೋ ಅಷ್ಟ ಆ ಹೆಸರಿಗೂ ಕಾಯತಿದ್ರು. ನನ್ನ ಪ್ಲೇಟಿನ ಕಡೀಗೂ ಹೆಸರದ. ನಾ ಮುಳ್ಳು ಎತ್ತೂದು ಆ ಹೆಸರಿಗೆ ನಾಚಿ ಅಲ್ಲ. ಅದಾದ ಮ್ಯಾಲೆ ಏನು ಇಲ್ಲಲ್ಲ, ಅದಕ್ಕ ನಾಚಿ.

ಸ್ವರಾಜ್ಯ ಬರೂಕ್ಕಿಂತ ಹತ್ತ ಹನ್ನೆರಡು ವರ್ಷ ಮೊದಲಿನ ಮಾತು. ನನಗ ಇಪ್ಪತ್ತೇಳು ವಯಸ್ಸು. ಧಾರವಾಡದವ ನಾನು, ಆದ್ರ ಹೊಟ್ಟಿಪಾಡಿಗೆ ಹುಬ್ಬಳ್ಳಿ ಸೇರಿದ್ದೆ. ಹತ್ತಿ ವ್ಯಾಪಾರದ ಸಾವಕಾರರ ಮನಿ ಹುಡಿಗ್ಯಾರಿಗೆ ಹಾರ್ಮೋನಿಯಂ ಪೇಟಿ ಮ್ಯಾಲೆ ಹಾಡು ಕಲಸೂದು ನನ್ನ ಉದ್ಯೋಗ. ಅವ್ವ, ನಾನು ಇಬ್ಬರ. ಯಾವ ನಾಟಕ ಕಂಪನಿಯೂ ಬೆನ್ನಿಗಿರಲಿಲ್ಲ, ದೊಡ್ಡ ಗುರುವಿನ ಹೆಸರೂ ಇರಲಿಲ್ಲ. ಇದ್ದದ್ದು ಒಂದು ತಂಬೂರಿ, ಜೋಡಿಗೆ ತಬಲಾ ಬಾರಿಸೂ ಗೆಳೆಯಾ ಹುಸೇನಸಾಬ, ಮತ್ತ ಊರಿಗೆಲ್ಲಾ ಹಂಚೂವಷ್ಟು ಸೊಕ್ಕು.

ಸಂಕ್ರಾಂತಿ ಆದ ಮ್ಯಾಲೆ ಮುಂಬಯಿಂದ ರೆಕಾರ್ಡು ಮಾಡಾವ ಒಬ್ಬ ಬಂದ. ಸ್ಟೇಶನ್ನಿಗೆ ಹತ್ತಿರ ಇಳಕೊಂಡು, ಹಾಡವರನ್ನ ಕರದು ಕರದು ಕೇಳಲಿಕ್ಕೆ ಹತ್ತಿದ್ದ. ನಾನೂ ಹೋಗಿ ಅರ್ಧಾ ತಾಸು ಹಾಡಿದೆ. ಹತ್ತು ವರ್ಷ ತಿಕ್ಕಿದ ರಾಗ. ಆತ ಗಡಿಯಾರ ನೋಡಿಕೋತ ಕೂತಿದ್ದ. ಮುಗದ ಮ್ಯಾಲೆ ಅರ್ಧಾ ಮರಾಠಿ ಅರ್ಧಾ ಹಿಂದಿಯೊಳಗ ಹೇಳಿದ: ದನಿ ಛಲೋ ಅದ, ಆದ್ರ ಇದನ್ನ ನಿಮಗಿಂತ ಛಲೋ ಹಾಡವರು ಪುಣೇದಾಗ ಹತ್ತು ಮಂದಿ ಇದ್ದಾರ, ಅವರ ಪ್ಲೇಟು ಆಗಲೇ ಬಂದಾವ. ನಿಮ್ಮದು ಅನ್ನೂವಂಥದ್ದು ಏನರ ಅದ ಏನು? ಮೂರು ಮಿನಿಟಿನ್ಯಾಗ ಮುಗಿಯೂ ಹಂಗಿರಬೇಕು. ಶಿವರಾತ್ರಿ ಆದ ಮ್ಯಾಲೆ ಮತ್ತ ಬರತೀನಿ, ಆಗ ಕೇಳಸ್ರಿ.

ನಿಮ್ಮದು ಏನರ ಅದ ಏನು! ಆ ಮಾತು ಗಂಟಲದಾಗ ಮೀನಿನ ಮುಳ್ಳು ಸಿಕ್ಕಂಗ ಸಿಕ್ಕೊಂಡು ಬಿಟ್ಟಿತು. ಮೀನು ತಿನ್ನವನಲ್ಲ ನಾನು, ಆದ್ರೂ ಹಂಗ ಆಗಿರಬೇಕು ಅಂತೀನಿ. ಮುಂಜಾನೆದ್ದು ಉಣಕಲ್ ಕೆರಿ ದಂಡಿಗೆ ಹೋಗಿ ಕೂಡಲಿಕ್ಕೆ ಹತ್ತಿದೆ. ದೊಡ್ಡವರೆಲ್ಲಾ ನೀರಿನ ದಂಡಿ ಮ್ಯಾಲೆ ಕೂತಾಗ ಹಾಡು ಹುಟ್ಟಿದ್ದು ಅಂತ ಕೇಳಿದ್ದೆ. ಎಂಟು ದಿನಾ ಕೂತೆ. ಹುಟ್ಟಿದ್ದು ನೆಗಡಿ ಒಂದ. ಹತ್ತಿ ಸುಗ್ಗಿ ಅದು, ಊರ ತುಂಬ ಚಕ್ಕಡಿ ಸಾಲು, ಗಾಳಿಯೊಳಗೆಲ್ಲಾ ಹತ್ತಿ ಎಳಿ ಹಾರತಿದ್ದವು. ಸೀನಿಕೋತ ಮನಿಗೆ ಬರತಿದ್ದೆ, ಅವ್ವ ಬೈಕೋತ ಕಷಾಯ ಕೊಡತಿದ್ದಳು.

ಆ ಹೊತ್ತಿನ್ಯಾಗ ನಮ್ಮ ಮನಿ ಕಟ್ಟಿ ಮ್ಯಾಲೆ ಫಕೀರವ್ವ ಕೂತಿದ್ದಳು. ಬೆಂಗೇರಿಯವಳು, ಕೌದಿ ಹೊಲಿಯಾಕಿ. ಮನಿ ಮನಿಗೆ ಹೋಗಿ, ಅಲ್ಲೇ ಹಳೇ ಸೀರಿ ಧೋತರ ಒಟ್ಟು ಹಾಕಿಸಿಕೊಂಡು, ತಿಂಗಳಾನಗಟ್ಟಲೆ ಕೂತು ಹೊಲದು ಕೊಡತಿದ್ದಳು. ನಲವತ್ತರ ಆಚೀಚೆ ವಯಸ್ಸು, ಬತ್ತಿದ ಮೈ, ಬಾಯಿ ಮಾತ್ರ ಭಾಳ ಚುರುಕು. ಅವ್ವ ಮಡಿ ಹೆಂಗಸು. ಫಕೀರವ್ವ ಕಟ್ಟಿ ದಾಟಿ ಒಳಗ ಬರೂ ಹಂಗಿರಲಿಲ್ಲ, ಆಕಿಗೆ ನೀರು ಕೊಡಬೇಕಾದ್ರ ಅವ್ವ ಮ್ಯಾಲಿಂದ ಬೊಗಸಿಗೆ ಸುರೀತಿದ್ದಳು. ಇದ್ಯಾವದೂ ನನಗ ಆಗ ಕಣ್ಣಿಗೆ ಬಿದ್ದಿರಲಿಲ್ಲ. ದಿನಾ ನೋಡೂದು ಯಾರ ಕಣ್ಣಿಗೆ ಬೀಳತದ?

ಒಂಬತ್ತನೇ ದಿನಾ ಕೆರಿಗೆ ಹೋಗಲಿಲ್ಲ, ಜ್ವರಾ ಬಂದಿತ್ತು. ಒಳಗ ಮಲಕೊಂಡಿದ್ದೆ. ಕಟ್ಟಿ ಮ್ಯಾಲಿಂದ ಆಕಿ ಹಾಡು ಕೇಳಿ ಬಂತು. ಅದರ ಮೊದಲೂ ಹಾಡತಿದ್ದಳು, ನಾ ಕೆರಿ ದಂಡ್ಯಾಗ ಕೂತು ಹಾಡು ಹುಡುಕತಿದ್ದೆ, ಏನು ಮಾಡೂದು.

ಕೆಂಪಂಚು ಯಾರದ ನೀಲಿ ಸೆರಗ್ಯಾರದ
ತುಂಡಿಗೊಂದ್ಹೆಸರ ಮರಿಬ್ಯಾಡ | ನನ ಸೂಜಿ
ಬೆಚ್ಚಗ ಹೊಲಿಯ ಎಲ್ಲಾರ್ನ

ಎದ್ದು ಕೂತೆ. ಅದು ಯಾವ ರಾಗದಾಗೂ ಇರಲಿಲ್ಲ, ಇದ್ದೂ ಇತ್ತು. ಒಂದು ಕಡೆ ದನಿ ಕೆಳಗ ಇಳದು, ಅಲ್ಲೇ ಒಂದು ಗಳಿಗಿ ತಡದು, ಮತ್ತ ಮ್ಯಾಲೆ ಬರತಿತ್ತು. ನೋಡಿದ್ರ ಅದು ಆಕಿ ಕೈಯಾಗಿನ ಸೂಜಿ ನಡಿಗಿ. ಸೂಜಿ ಅರವಿಯೊಳಗ ಹೋದಾಗ ದನಿ ತಡೀತಿತ್ತು, ದಾರ ಎಳದಾಗ ಏಳತಿತ್ತು. ಜ್ವರದಾಗ ನಾ ಹೊರಗ ಬಂದು ಕಂಬಕ್ಕ ಆತು ನಿಂತೆ. ಮುಂದ ನಾ ಏನ ಸುಳ್ಳು ಹೇಳಿರಲಿ, ಆ ಮುಂಜಾನೆ ಖರೇ.

ಇದು ಯಾರ ಪದಾ ಅಂತ ಕೇಳಿದೆ. ನಂದ ರಿ, ಮತ್ಯಾರದು ಅಂದಳು. ಕೌದಿ ಹೊಲಿಯೂದಕ್ಕ ಒಂದು ಕಟ್ಟಳಿ ಅದಂತ. ಯಾರ್ಯಾರ ಅರವಿ ತುಂಡು ಅದರಾಗ ಕೂಡತಾವೋ ಅವರೆಲ್ಲಾರ ಹೆಸರು, ಆಯಾ ತುಂಡು ಹಚ್ಚೂ ಹೊತ್ತಿಗೆ ಹಾಡಿ ಹೇಳಬೇಕು. ಒಂದು ಹೆಸರು ಬಿಟ್ರೂ ಕೌದಿ ಬೆಚ್ಚಗಾಗೂದಿಲ್ಲ. ಎಲ್ಲಾ ಮುಗದ ಮ್ಯಾಲೆ ಕಡೀ ಮೂಲಿಯೊಳಗ ಒಂದು ತುತ್ತು ರೊಟ್ಟಿನೋ ಹೋಳಿಗಿನೋ ಇಟ್ಟು ಹೊಲೀಬೇಕು, ಕೌದಿ ಹಸಕೊಂಡು ಇರಬಾರದು. ಹೆಸರಿಟ್ಟು ಹೊಟ್ಟಿ ತುಂಬಿಸಿದ್ರ ಮುಗೀತು ನೋಡ್ರಿ, ಮನಷ್ಯಾರಿಗೂ ಅಷ್ಟಲ್ಲೇನ್ರಿ, ಅಂತ ನಕ್ಕಳು.

ನನಗ ಕಲಸು ಅಂದೆ. ಆಕಿಗೆ ನಗು ತಡೀಲಿಲ್ಲ. ಪೇಟಿ ಮಾಸ್ತರ ಕೌದಿ ಹೊಲಿಯಾಕಿ ಹಂತೇಕ ಹಾಡು ಕಲೀತಾನ ಅನ್ನೂದು ಆಕಿ ಕೇರಿಗೆಲ್ಲಾ ಎಂಟು ದಿನದ ಮಾತಾತು. ಆದ್ರ ಕಲಸಿದಳು. ನಾ ಮೊದಲನೇ ಸಾಲಿಗೇ ಗಮಕ ಹಾಕಿ, ಎರಡು ತಾನ ಹೊಡದು, ಹೆಂಗದ ಅಂತ ನೋಡಿದೆ. ದನಿ ಭಾಳ ಛಲೋ ಐತ್ರಿ, ಆದ್ರ ಸೂಜಿ ಎಲ್ಲಿ ಬಿದ್ದು ಹೋತು ಹುಡುಕ್ರಿ ಅಂದಳು. ಕಡೀಕ ಒಂದು ಸೂಜಿ ದಾರ ನನ್ನ ಕೈಯಾಗ ಕೊಟ್ಟು, ಹೊಲಕೋತ ಹಾಡ್ರಿ ಅಂದಳು. ಬೆರಳಿಗೆಲ್ಲಾ ಚುಚ್ಚಿಕೊಂಡು ಹದಿನೈದು ದಿನಾ ಹೊಲದೀನಿ. ಹುಸೇನಸಾಬನೂ ಬಂದು ಕೂತು, ತಬಲಾ ಬಾಜೂಕಿಟ್ಟು, ಎಡಗೈ ಡಗ್ಗಾದ ಮ್ಯಾಲೆ ಹೆಬ್ಬಟ್ಟಿನಿಂದ ಸೂಜಿ ಪೆಟ್ಟು ಹಿಡದ. ಹತ್ತು ವರ್ಷದ ರಿಯಾಜಿನ್ಯಾಗ ಸಿಗದ್ದು ನನಗ ಆ ಕಟ್ಟಿ ಮ್ಯಾಲೆ ಸಿಕ್ಕಿತು. ಎಷ್ಟು ಖುಷಿ ಇತ್ತು ಅಂದ್ರ, ಅವ್ವ ನನ್ನ ಮಾರಿ ನೋಡಿ, ಲಗ್ನಕ್ಕ ಹೂಂ ಅನ್ನತಾನ ಇವ ಅಂತ ತಿಳಕೊಂಡಿದ್ದಳು.

ಪದಕ್ಕ ಐದು ನುಡಿ. ಕಡೀ ನುಡಿ ಹಾಡೂ ಮುಂದ ಆಕಿ ಸೂಜಿ ಅರವಿಗೆ ಚುಚ್ಚಿ ಬಿಟ್ಟು, ಕೈ ಖಾಲಿ ಇಟ್ಟುಕೊಂಡು ಹಾಡತಿದ್ದಳು.

ಹಸರ ಲಂಗದ ತುಂಡ ಮೊಸರ ಉಂಡ್ಹೋದಾಕಿ
ಹೆಸರ ಹೇಳತೀನಿ ನೀಲವ್ವ | ಥಂಡ್ಯಾಗ
ಹಸಕೊಂಡ ಎಲ್ಲಿ ಕುಂತೀದಿ

ನೀಲವ್ವ ಆಕಿ ಮಗಳು. ಒಬ್ಬಾಕಿನ. ಒಂಬತ್ತು ವರ್ಷದಾಕಿ ಜ್ವರಾ ಬಂದು ಮೂರು ದಿನದಾಗ ಹೋದಳು. ಆ ಕೂಸಿನ ಹಸರು ಲಂಗಾ ಹರದು ಕೌದಿಗೆ ಹಚ್ಚೂ ಹೊತ್ತಿನ್ಯಾಗ ಈ ಪದಾ ಹುಟ್ಟಿದ್ದು. ಇದನ್ನ ಅಳಕೋತ ಹೇಳಲಿಲ್ಲ ಆಕಿ, ದಾರ ಪೋಣಿಸಿಕೋತ ಹೇಳಿದಳು. ನಾ ಕೇಳಿ ಅತ್ತೆ.

ಶಿವರಾತ್ರಿ ಹತ್ತಿರ ಬಂದಾಗ ಹುಸೇನಸಾಬ ಗಡಿಯಾರ ಹಿಡಕೊಂಡು ಕೂತ. ಐದು ನುಡಿ ಹಾಡಿದ್ರ ನಾಕು ಮಿನಿಟಿನ ಹತ್ತಿರ ಹೋಗತಿತ್ತು. ಲಗೂ ಹಾಡಿದ್ರ ಸೂಜಿ ಓಡಿದಂಗ ಆಗತಿತ್ತು, ಪದಾ ಸಾಯತಿತ್ತು. ಒಂದು ನುಡಿ ಬಿಡಬೇಕು. ಮೊದಲಿನ ನಾಕೂ ಒಂದಕ್ಕೊಂದು ಗಂಟು ಹಾಕಿಕೊಂಡಾವ, ಬಿಡೂದಾದ್ರ ಕಡೀದ. ಆಕಿಗೆ ಹೆಂಗ ಹೇಳೂದು ಅಂತ ನಾವಿಬ್ಬರೂ ಮಾರಿ ಮಾರಿ ನೋಡಿಕೊಂಡಿವಿ. ತಿಳಕೊಂಡು ಆಕಿನ ಹೇಳಿದಳು.

"ಆ ನುಡಿ ಬಿಡ್ರಿ, ಅಡ್ಡಿ ಇಲ್ಲ. ಕಡೀಕ ನಿಮ್ಮ ಹೆಸರ ಹೇಳತೀರಲ್ಲ, ಅದರ ಬಾಜೂಕ ಆಕಿದೊಂದ ಹೇಳ್ರಿ. ನೀಲವ್ವನ ಕೌದಿ ಅಂತ. ಅಷ್ಟ ಸಾಕು. ಪ್ಲೇಟ ತಿರಗಿದಾಗೊಮ್ಮಿ ಯಾರರ ಆಕಿ ಹೆಸರ ಕೇಳತಾರ."

ಬ್ಯಾರೆ ಏನೂ ಕೇಳಲಿಲ್ಲ. ತಂಬೂರಿ ಮುಟ್ಟಿ ಆಣಿ ಮಾಡಿದೆ. ಯಾರೂ ಮಾಡು ಅಂದಿರಲಿಲ್ಲ, ನಾನ ಸೊಕ್ಕಿಲೆ ಮಾಡಿದೆ.

ಮುಂಬಯಿಯಾತ ಬಂದು, ಒಬ್ಬ ಸಾವಕಾರ ಹತ್ತಿ ಒಟ್ಟತಿದ್ದ ವಖಾರಿ ಮ್ಯಾಲಿನ ಮಾಳಿಗಿ ಬಾಡಿಗಿಗೆ ಹಿಡದ. ಖಾಲಿ ಮಾಳಿಗಿ, ಒಂದು ಮಾತು ಆಡಿದ್ರ ನಾಕು ಸಲ ಕೇಳತಿತ್ತು. ಗ್ವಾಡಿಗೆಲ್ಲಾ ದಪ್ಪ ಅರವಿ ಕಟ್ಟಬೇಕು, ಇಲ್ಲಂದ್ರ ಆಗೂದಿಲ್ಲ ಅಂದ. ಕೌದಿಗಿಂತ ದಪ್ಪ ಏನದ? ಫಕೀರವ್ವ ಬೆಂಗೇರಿಯೊಳಗ ಮನಿ ಮನಿಗೆ ಹೋಗಿ ಹತ್ತು ಹನ್ನೆರಡು ಕೌದಿ ಹೊತ್ತು ತಂದಳು. ತಾನ ಏಣಿ ಹತ್ತಿ ಕಟ್ಟಿದಳು. ನನ್ನ ಎದುರಿಗೆ, ಮೈಕಿನ ಹಿಂದ, ನೀಲವ್ವನ ಕೌದಿ ಕಟ್ಟಿದಳು. ನಡುವ ಹಸರು ತುಂಡು, ಅಂಗೈ ಅಗಲ. ನಿಮ್ಮ ಕಣ್ಣಿಗೆ ಬೀಳಲಿ ಅಂತ ಇಲ್ಲೇ ಕಟ್ಟೀನಿ ಅಂದಳು. ಹತ್ತಿ ಧೂಳಿಗೆ ಆಕಿಗೆ ಕೆಮ್ಮು ಹತ್ತಿತ್ತು, ಕೆಮ್ಮು ಇದ್ದವರು ಒಳಗಿರಬಾರದು ಅಂತ ಆಮ್ಯಾಲೆ ಆಕಿನ್ನ ಕೆಳಗ ಕಳಿಸಿದ್ರು. ಪಾವಣಿಗಿ ಮ್ಯಾಲೆ ಹೋಗಿ ಕೂತಳು.

ಇಷ್ಟರೊಳಗ ಧಾರವಾಡದಿಂದ ವಕೀಲ ಕಾಕಾ ಬಂದ. ಅಪ್ಪನ ಚಿಕ್ಕಪ್ಪನ ಮಗ, ಊರಾಗ ದೊಡ್ಡ ರಸಿಕ ಅಂತ ಹೆಸರಾದವ. ಯಾವ ಬೈಠಕ್ಕಿಗೂ ಮುಂದಿನ ಸಾಲಿನ್ಯಾಗ ಕೂಡತಿದ್ದ, ಆತ ತಲಿ ತೂಗಿದ್ರ ಹಾಡವರು ಬದುಕಿದ್ರು, ತೂಗದಿದ್ರ ಮುಗೀತು. ನನ್ನ ಕಡೆ ಆತ ಹಿಂದಕ್ಕೊಮ್ಮೆನೂ ತಿರಗಿ ನೋಡಿದ್ದಿಲ್ಲ. ಅವತ್ತು ಪ್ಲೇಟು ಆಗತದ ಅಂತ ಕೇಳಿ ತಾನ ಬಂದಿದ್ದ. ರೆಕಾರ್ಡಿಗೆ ಮೊದಲು ಒಂದು ಸಲ ತಾಲೀಮು ಹಾಡಿದೆ. ಕಾಕಾ ಕಣ್ಣು ಮುಚ್ಚಿದ, ತಲಿ ತೂಗಿದ. ಮುಗದ ಮ್ಯಾಲೆ ಎಲೆಡಿಕಿ ಚೀಲ ಬಿಚ್ಚಿಕೋತ ಕೇಳಿದ.

"ಚೀಜು ಭಾಳ ಹೊಸಾದದ. ಯಾರದೋ ವಾಮನ?"

"ನಂದ ಕಾಕಾ," ಅಂದೆ.

ಹಂಗ ಬಾಯಿಗೆ ಬಂದುಬಿಟ್ಟಿತು. ವಿಚಾರ ಮಾಡಿ ಹೇಳಿದ್ದಲ್ಲ ಅಂತ ನನಗ ನಾನ ಭಾಳ ವರ್ಷ ಹೇಳಿಕೊಂಡೀನಿ. ಆದ್ರ ವಿಚಾರ ಮಾಡದ ಬರೂ ಮಾತಿನ್ಯಾಗ ಮನಷ್ಯಾ ಹೆಂಥಾವ ಅನ್ನೂದು ತಿಳೀತದ. ಕಟ್ಟಿ ಮ್ಯಾಲಿನ ಹೆಂಗಸಿನ ಹಾಡು ಅಂದ್ರ ಆತ ಏನು ಅಂತಾನ, ಆ ತೂಗಿದ ತಲಿ ಹೆಂಗ ನಿಲ್ಲತದ, ಅದೊಂದ ಭಯ. ಹುಸೇನಸಾಬ ತಬಲಾ ಶ್ರುತಿ ಮಾಡತಿದ್ದ. ಆತನ ಸುತ್ತಿಗಿ ಒಂದು ಕ್ಷಣ ನಿಂತು ಮತ್ತ ನಡೀತು.

ಕೆಂಪು ದೀಪ ಹತ್ತಿತು. ಹಾಡಿದೆ. ಖರೇ ಹೇಳತೀನಿ, ಅಷ್ಟು ಛಲೋ ನಾ ಮೊದಲೂ ಹಾಡಿಲ್ಲ, ಆಮ್ಯಾಲೂ ಹಾಡಿಲ್ಲ. ನಾಕನೇ ನುಡಿ ಮುಗದು ಪದಾ ನಿಂತಿತು. ಈಗ ಹೆಸರು. "ಮಾಸ್ತರ ವಾಮನರಾವ" ಅಂದೆ. ಎದುರಿಗೆ ಹಸರು ತುಂಡು ಕಾಣತಿತ್ತು. ಅದರ ಕೆಳಗ ಖುರ್ಚಿ ಮ್ಯಾಲೆ ವಕೀಲ ಕಾಕಾ, ನನ್ನ ಹೆಸರಿಗೂ ತಲಿ ತೂಗತಿದ್ದ. ನೀಲವ್ವ ಅನ್ನೂ ಹೆಸರು ನಾಲಿಗಿ ಮ್ಯಾಲೆ ಇತ್ತು. ಅಂದ್ರ ಆಮ್ಯಾಲೆ ಕಾಕಾ ಕೇಳತಾನ, ನೀಲವ್ವ ಅಂದ್ರ ಯಾರೋ, ನಂದ ಅಂದಿದ್ದಿಯಲ್ಲ. ನಾ "ಧಾರವಾಡ" ಅಂದುಬಿಟ್ಟೆ. ಇರೂದು ಹುಬ್ಬಳ್ಳಿಯೊಳಗ, ಧಾರವಾಡ ಅಂದ್ರ ಸ್ವಲ್ಪ ತೂಕ ಬರತದಲ್ಲ, ಅದಕ್ಕ.

ಹೇಳಿದ ಮ್ಯಾಲೂ ದೀಪ ಆರಲಿಲ್ಲ. ದನಿ ಕೆತ್ತೂ ಮೇಣದ ತಾಟು ತಿರಗತಾನ ಇತ್ತು. ಮುಂಬಯಿಯಾತ ತುಟಿ ಮ್ಯಾಲೆ ಬೆರಳಿಟ್ಟು ನಿಂತಿದ್ದ. ಆರೇಳು ಸೆಕೆಂಡು ಇದ್ದಿರಬೇಕು. ಎರಡು ಸಲ ಹೇಳಬಹುದಿತ್ತು. ಹುಸೇನಸಾಬ ನನ್ನ ಬಾಯಿ ನೋಡಿಕೋತ ಕೂತಿದ್ದ. ಆಮ್ಯಾಲೆ ದೀಪ ಆರಿತು, ಕಾಕಾ ಚಪ್ಪಾಳಿ ಹೊಡದ.

ಪಾವಣಿಗಿ ಇಳದು ಬಂದಾಗ ಫಕೀರವ್ವ ಎದ್ದು ನಿಂತಳು. ಸೆರಗಿನಿಂದ ಮಾರಿ ಒರಸಿಕೊಂಡು, ಹೇಳಿದ್ರೇನ್ರಿ ಅಂದಳು. ಅಷ್ಟ. ನಾ "ಹೂಂ" ಅಂದೆ.

ಮಾಳಿಗ್ಯಾಗ ಸುಮ್ಮನಿದ್ದದ್ದು ಒಂದು ತಪ್ಪು. ಈ ಹೂಂ ಅನ್ನೂದು ಬ್ಯಾರೆ ಜಾತಿ ತಪ್ಪು. ಅದನ್ನ ನೆನಸಿಕೊಂಡ್ರ ಈಗೂ ಕಿವಿ ಬಿಸಿ ಆಗತಾವ. ಆಕಿ ನನ್ನ ಎರಡೂ ಕೈ ಹಿಡಕೊಂಡು ಕಣ್ಣಿಗೆ ಒತ್ತಿಕೊಂಡಳು. ಆಮ್ಯಾಲೆ ಕೌದಿ ಎಲ್ಲಾ ಬಿಚ್ಚಿ, ತಲಿ ಮ್ಯಾಲೆ ಹೊತ್ತುಕೊಂಡು, ಬೆಂಗೇರಿ ಹಾದಿ ಹಿಡದಳು. ಹುಸೇನಸಾಬ ಹಿಂದ ನಿಂತಿದ್ದ. ಹಾಡು ಛಲೋ ಆತು ವಾಮನರಾವ ಅಂದ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡಂಗ, ಮತ್ತೇನು ಮಾಡಬೇಕಾಗಿತ್ತು ಅಂತ ಆತನ ಮ್ಯಾಲೆ ಹರಿಹಾಯ್ದೆ. ಆತ ತಬಲಾ ಹೆಗಲಿಗೆ ಏರಿಸಿಕೊಂಡು ನಡದ. ಅದಾದ ಮ್ಯಾಲೆ ಆತ ನನ್ನ ಜೋಡಿ ಬಾರಿಸಲಿಕ್ಕೂ ಬರಲಿಲ್ಲ.

ಮಿರಗದ ಮಳಿ ಹಿಡದಾಗ ಪ್ಲೇಟು ಬಂದವು. ಒಂದು ಬಾಜೂಕ ಈ ಪದಾ, ಇನ್ನೊಂದು ಬಾಜೂಕ ನನ್ನ ಹತ್ತು ವರ್ಷದ ರಾಗ. ರಾಗದ ಬಾಜೂ ಯಾರೂ ಹಚ್ಚಲಿಲ್ಲ ಬಿಡ್ರಿ. ಕೌದಿ ಪದಾ ಮಾತ್ರ ಚಹಾದಂಗಡಿ, ಅರವಿ ಅಂಗಡಿ, ಸಾವಕಾರರ ಪಡಸಾಲಿ ಎಲ್ಲಾ ಕಡೆ ಕೂಗಲಿಕ್ಕೆ ಹತ್ತಿತು. ವಕೀಲ ಕಾಕಾ ತನ್ನ ಮನ್ಯಾಗ ಮಂದಿ ಕೂಡಿಸಿ ನನಗ ಶಾಲು ಹೊಚ್ಚಿದ. ಇಂಥಾ ಹಾಡು ಹೊಳದದ್ದು ಹೆಂಗ ಅಂತ ಒಬ್ಬ ಮಾಸ್ತರರು ಎದ್ದು ಕೇಳಿದ್ರು. ಉಣಕಲ್ ಕೆರಿ ದಂಡಿಗೆ ಮುಂಜಾನೆ ಕೂತಾಗ ನೀರಿನ ಮ್ಯಾಲಿಂದ ಬಂತು ಅಂತ ಹೇಳಿದೆ. ಎಲ್ಲಾರೂ ವಾಹವಾ ಅಂದ್ರು. ಆ ಮಾತು ನಂಬಿ ಎರಡು ಮೂರು ಮಂದಿ ಹಾಡವರು ಆ ಮಳಿಗಾಲ ಪೂರ್ತಿ ಕೆರಿ ದಂಡಿಗೆ ಹೋಗಿ ನೆಗಡಿ ತಂದುಕೊಂಡ್ರು. ಹೇಳೂದು ಆಚಾರ, ತಿನ್ನೂದು ಬದನಿಕಾಯಿ.

ನಾಗರ ಪಂಚಮಿ ದಿನಾ ಫಕೀರವ್ವ ನಮ್ಮ ಕಟ್ಟಿಗೆ ಬಂದಳು, ಹಿಂದ ಹತ್ತು ಹನ್ನೆರಡು ಮಂದಿ ಹೆಂಗಸರು. ಎಲ್ಲಾರೂ ತಲಿಗೆ ಹೂ ಮುಡದು, ಉಡಿಯೊಳಗ ಉಂಡಿ ಕಟ್ಟಿಕೊಂಡು ಬಂದಿದ್ರು. ಅವರು ಯಾರೂ ಪ್ಲೇಟು ಇನ್ನೂ ಕೇಳಿರಲಿಲ್ಲ. ಹಬ್ಬದ ದಿನಾ ಕೇಳಬೇಕು ಅಂತ ಆಕಿ ಎಲ್ಲಾರ್ನೂ ತಡದು ಇಟ್ಟಿದ್ದಳಂತ. ದುರ್ಗದ ಬೈಲಿನ ಚಹಾದಂಗಡಿಯವ ಹಚ್ಚತೀನಿ ಅಂದಾನ, ನೀವೂ ಬರ್ರಿ ಮಾಸ್ತರ ಅಂದಳು. ಒಲ್ಲೆ ಅನ್ನಲಿಕ್ಕೆ ನೆವ ಸಿಗಲಿಲ್ಲ. ಆ ಅಂಗಡಿಯವ ಅವಸರದಾವ, ಹಾಡು ಮುಗಿಯೂದಕ್ಕ ಪುರಸತ್ತಿಲ್ಲದ ಮುಳ್ಳು ಎತ್ತತಾನ ಅಂತ ನನಗ ಗೊತ್ತಿತ್ತು. ಅದೊಂದ ಆಶಾ ಹಿಡಕೊಂಡು ಹಿಂದಿಂದ ಹೋದೆ. ದೇವರಿಗೆ ಬೇಡಿಕೊಂಡೆ ಅಂತ ಹೇಳಲಿಕ್ಕೂ ನಾಚಿಕಿ ಬರತದ.

ಹೆಂಗಸರು ಅಂಗಡಿ ಕಟ್ಟಿ ಕೆಳಗ ಓಣಿಯೊಳಗ ಕೂತ್ರು. ಜಿಟಿ ಜಿಟಿ ಮಳಿ ಇತ್ತು, ಸೆರಗು ಹೊಚ್ಚಿಕೊಂಡು ಕೂತ್ರು. ಪ್ಲೇಟು ಹಚ್ಚಿದ. ಮೊದಲನೇ ಸಾಲಿಗೇ ಎಲ್ಲಾರೂ ಫಕೀರವ್ವನ್ನ ತಿವಿದು ನಕ್ಕರು. ಆಕಿ ಬೆರಳು ಸೂಜಿ ಹಿಡದಂಗ ಹಿಡದು ತಾಳ ಹಾಕತಿದ್ದಳು. ನಾಕನೇ ನುಡಿ ಆತು. ಅವತ್ತು ಗಿರಾಕಿ ಇದ್ದಿಲ್ಲ, ಅಂಗಡಿಯವ ಮುಳ್ಳು ಎತ್ತಲಿಲ್ಲ. ಮಾಸ್ತರ ವಾಮನರಾವ, ಧಾರವಾಡ. ಆಮ್ಯಾಲೆ ಸರ್ರ್ ಅಂತ ಸಪ್ಪಳ. ಹೆಂಗಸರು ಆಕಿ ಮಾರಿ ನೋಡಿದ್ರು.

ಮಳಿ ಸಪ್ಪಳದಾಗ ಕೇಳಲಿಲ್ಲ, ಇನ್ನೊಮ್ಮೆ ಹಚ್ಚಪಾ ಅಂದಳು. ಇನ್ನೊಮ್ಮೆ ಹಚ್ಚಿದ. ಈ ಸಲ ಎದ್ದು ಹೋಗಿ ಗ್ರಾಮೋಫೋನಿನ ಕರಣಿ ಬಾಯಿ ಹತ್ತಿರ ಕಿವಿ ಒಡ್ಡಿ ನಿಂತಳು. ಮೂರನೇ ಸಲನೂ ಹಚ್ಚಿಸಿದಳು. ಮೂರನೇ ಸಲ ಮುಗದ ಮ್ಯಾಲೆ ನನ್ನ ಕಡೆ ತಿರಗಿದಳು. ನಾ ಮೊದಲ ತಯಾರು ಮಾಡಿಟ್ಟುಕೊಂಡಿದ್ದ ಮಾತು ಹೇಳಿದೆ: ಜಾಗ ಇರಲಿಲ್ಲ ಫಕೀರವ್ವ, ಮೂರು ಮಿನಿಟು ಮುಗದು ಹೋಗಿತ್ತು.

ಆಕಿ ಕರಣಿ ಕಡೆ ಕೈ ಮಾಡಿದಳು. ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ. ತಿಳೀದವರು ಕೇಳೂ ಹಂಗ ಕೇಳಿದಳು.

"ನಿಮ್ಮ ಹೆಸರಾದ ಮ್ಯಾಲೆ ಊರ ಹೆಸರೂ ಹೇಳೀರಿ. ಅದಾದ ಮ್ಯಾಲೂ ಅದು ಸುಮ್ಮನ ತಿರಗಾಕತ್ತಿತ್ತಲ್ರಿ ಮಾಸ್ತರ. ಅಲ್ಲೆ ಜಾಗ ಇತ್ತಲ್ಲ?"

ಆಕಿ ಉಡಿ ಬಿಚ್ಚಿ ಒಂದು ಉಂಡಿ ತಗದು ನನ್ನ ಕೈಯಾಗ ಇಟ್ಟಳು. ನನಗಂತ ತಂದದ್ದು, ಹಬ್ಬದ ದಿನಾ ಹೊಳ್ಳಿ ಒಯ್ಯಬಾರದು. ಆಮ್ಯಾಲೆ ಹೆಂಗಸರೆಲ್ಲಾ ಎದ್ದು ಹೋದ್ರು. ಬರೂ ಮುಂದ ಹಾಡಿಕೋತ ಬಂದಿದ್ರು.

ನಮ್ಮ ಕಟ್ಟಿ ಮ್ಯಾಲೆ ಹೊಲಿಯಲಿಕ್ಕೆ ಹತ್ತಿದ್ದ ಅವ್ವನ ಕೌದಿ ಇನ್ನೂ ಆಕಿ ಹಂತೇಕ ಇತ್ತು. ಮಳಿ ಬಂತು ಅಂತ ತನ್ನ ಮನಿಗೆ ಒಯ್ದಿದ್ದಳು, ಕಡೀ ಮೂಲಿ ಒಂದ ಉಳದಿತ್ತು. ಇನ್ನ ತರೂದಿಲ್ಲ ಅಂತ ತಿಳಕೊಂಡಿದ್ದೆ. ನಾಕು ದಿನದ ಮ್ಯಾಲೆ ತಂದಳು. ಕಟ್ಟಿ ಮ್ಯಾಲೆ ಕೂತು, ಕೌದಿ ಹೊಟ್ಟಿ ತುಂಬಸೂದೈತಿ, ತುತ್ತು ಕೊಡ್ರಿ ಅವ್ವಾರ ಅಂದಳು. ಅವ್ವ ಹೋಳಿಗಿ ತುಂಡು ಮ್ಯಾಲಿಂದ ಕೊಟ್ಟಳು. ನಾ ಒಳಗ ಬಾಗಲಾ ಮರಿಗೆ ನಿಂತಿದ್ದೆ. ಆಕಿ ಮೊದಲಿಂದ ಒಂದೊಂದ ತುಂಡು ಮುಟ್ಟಿ ಹೆಸರು ಹಾಡಿದಳು. ನಮ್ಮಜ್ಜಿ ಇಳಕಲ್ ಸೀರಿ, ಅತ್ತಿ ಕುಬಸ, ಅಪ್ಪನ ರುಮಾಲು, ಯಾವದೂ ಬಿಡಲಿಲ್ಲ. ಕಡೀ ಮೂಲಿಗೆ ನನ್ನ ಹಳೇ ಅಂಗಿ ತುಂಡಿತ್ತು, ಎಲೆಡಿಕಿ ಕಲಿ ಬಿದ್ದದ್ದು. ಅದನ್ನ ಬಿಡತಾಳ ಅಂತ ನಿಂತೆ. ಬಿಡಲಿ, ಬಿಟ್ರ ಸಮಾ ಆಗತದ, ಅಂತ ಮನಸ್ಸಿನ್ಯಾಗ ಬೇಡಿಕೊಂಡೆ.

ಬಿಳಿಯಂಗಿ ತುಂಡಿದು ಎಲಿಯಡಿಕಿ ಕಲಿಯಿದು
ಕುಲಕೊಬ್ಬ ಮಗನ ವಾಮಣ್ಣ | ನಿನ ಹೆಸರ
ಉಳಿಯಲಿ ಇದರ ಬಿಸಿಯಾಗ

ಹಾಡಿ, ಹೋಳಿಗಿ ತುಂಡಿಟ್ಟು, ಮೂಲಿ ಹೊಲದು, ಹಲ್ಲಿನಿಂದ ದಾರ ಕಡದಳು. ಎದ್ದು ಹೋದಳು. ಅವ್ವ ಕೌದಿ ಒಳಗ ತಂದು, ಎಷ್ಟು ಛಲೋ ಹಾಡತಾಳ, ಇದು ನಿನ್ನ ಪ್ಲೇಟಿನ ಹಾಡಿನಂಗ ಅದಲ್ಲೋ ಅಂದಳು. ಹೂಂ ಅಂದೆ.

ಮುಂಬಯಿಂದ ಎರಡು ಕಾಗದ ಬಂದವು, ಇನ್ನೊಂದು ಪ್ಲೇಟು ಮಾಡೋಣ ಅಂತ. ಉತ್ತರ ಬರೀಲಿಲ್ಲ. ಕಲಾವಂತನ ಸೊಕ್ಕು ಅಂದ್ರು ಮಂದಿ. ಚಳಿಗಾಲದಾಗ ಒಂದು ಸಲ ಬೆಂಗೇರಿಗೆ ಹೋಗಿ ಆಕಿ ಓಣಿ ಬಾಯಿಗೆ ನಿಂತೆ. ಫಕೀರವ್ವ ಕೌದಿ ಹೊಲಿಯಾಕ ಶಿರಗುಪ್ಪಿಗೆ ಹೋಗ್ಯಾಳ, ಎರಡು ದಿನಾ ಬಿಟ್ಟು ಬರ್ರಿ ಅಂದ್ರು. ಬದುಕಿದೆ ಅನ್ನಿಸಿತು ನನಗ. ಹಂಗ ಅನ್ನಿಸಿತಲ್ಲ ಅಂತ ಮತ್ತ ನಾಚಿಕಿ ಆತು, ಆದ್ರೂ ಎರಡು ದಿನಾ ಬಿಟ್ಟು ಹೋಗಲಿಲ್ಲ. ಮರು ವರ್ಷ ಹೊಳ್ಳಿ ಧಾರವಾಡಕ್ಕ ಬಂದುಬಿಟ್ಟೆ. ಆಕಿ ಯಾವಾಗ ಸತ್ತಳೋ ಗೊತ್ತಿಲ್ಲ.

ಮೊನ್ನೆ ಅದ ಕೌದಿ ಬಿಸಲಿಗೆ ಹಾಕಿದ ಮ್ಯಾಲೆ ಸುಧಾ ಬಿಡಲಿಲ್ಲ, ಏನದ ಅದರ ಕಥಿ ಹೇಳ್ರಿ ಅಂತ ಬೆನ್ನು ಹತ್ತಿದಳು. ಹೇಳೂದಕ್ಕ ಬಾಯಿ ಬರಲಿಲ್ಲ, ಅದಕ್ಕ ಬರದು ಕೊಡತೀನಿ ಅಂದೆ. ಇದ ಅದು. ಬರಿಯೂದಕ್ಕ ಮೊದಲು ಇವತ್ತು ಮುಂಜಾನೆ ಪ್ಲೇಟು ಹಚ್ಚಿದೆ. ಮುಳ್ಳು ಎತ್ತಲಿಲ್ಲ. ಇಪ್ಪತ್ತೇಳು ವರ್ಷದವನ ದನಿ, ಎಷ್ಟು ಛಲೋ ಇತ್ತು. ಹೆಸರು ಹೇಳಿದ, ಊರು ಹೇಳಿದ, ಆಮ್ಯಾಲೆ ಸರ್ರ್ ಅಂತ ತಿರಗಲಿಕ್ಕೆ ಹತ್ತಿತು.

ಆಗ ನಾ ಹೇಳಿದೆ, ನೀಲವ್ವನ ಕೌದಿ ಅಂತ. ಪ್ಲೇಟಿಗೆ ಅದು ಹತ್ತೂದಿಲ್ಲ, ಗೊತ್ತದ. ಮುದುಕನ ದನೀಲೆ, ನಿಧಾನಕ್ಕ, ಒಂದೊಂದ ಅಕ್ಷರ ಎಳದು ಹೇಳಿದೆ. ಹೇಳಿ ಮುಗದ ಮ್ಯಾಲೂ ಜಾಗ ಉಳೀತು.